ಬೆಣ್ಣೆ ಮೇಸ್ತ್ರಿ ಬಿಚ್ಚಿದ ಮೋಟಾರು

ನಮ್ಮ ಮನೆಯವರಿಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯ ಜನ ಇಟ್ಟ ಹೆಸರು ಬೆಣ್ಣೆ ಮೇಸ್ತ್ರಿ. ಯಾರಿಗಾದರೂ ಬೆಣ್ಣೆ ಹಚ್ಚುವ ಗುಣದಿಂದ ಬಂದ ಹೆಸರಲ್ಲ ಅದು. ಆ ಗುಣ ಉಗುರಿನಷ್ಟು ಇದ್ದಿದ್ದರೂ ನಮ್ಮ ಅಂಗಡಿಗೆ ಇಷ್ಟರಲ್ಲಿ ಒಂದು ಗಟ್ಟಿ ಬಾಗಿಲು ಬಂದಿರುತ್ತಿತ್ತು. ದೋಣಿಯ ಹಿಂದೆ ಕಟ್ಟುವ ಮೋಟಾರುಗಳನ್ನು ರಿಪೇರಿ ಮಾಡುವುದು ಇವರ ಕಸುಬು. ಬಿಚ್ಚಿದ್ದನ್ನು ಮತ್ತೆ ಮುಚ್ಚುವಾಗ ಒಂದೊಂದು ಬೋಲ್ಟನ್ನೂ ಒರೆಸಿ, ಅದರ ಸುತ್ತುಗಳಿಗೆಲ್ಲ ಬೆರಳಿನಲ್ಲಿ ಬೆಣ್ಣೆಯಂತೆ ಗ್ರೀಸು ಸವರಿ, ಆಮೇಲಷ್ಟೇ ಹಾಕುತ್ತಾರೆ. ಉಪ್ಪುನೀರಿನಲ್ಲಿ ಓಡುವ ಮೋಟಾರಿಗೆ ಒಣ ಬೋಲ್ಟು ಹಾಕಿದರೆ ಸ್ವಲ್ಪ ದಿನಕ್ಕೇ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದೆಂದರೆ ಜೀವ ಹಣ್ಣಾಗುತ್ತದೆ. "ಮುಂದೆ ಇದನ್ನ ಬಿಚ್ಚೋನು ನಮ್ಮನ್ನ ಬೈಬಾರ್ದು" ಎನ್ನುತ್ತಾರೆ. ಮುಂದೆ ಬಿಚ್ಚುವವರೂ ಇವರೇ. ಸುತ್ತಲಿನ ದಕ್ಕೆಗಳಿಗೆಲ್ಲ ನಂಬಿಕೆಯ ಮೇಸ್ತ್ರಿ ಇವರೊಬ್ಬರೇ.

ಇವರಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ಕಟ್ಟಿಕೊಂಡು ಇಷ್ಟು ವರ್ಷವಾದ ಮೇಲೆ ಹೇಳುವುದಕ್ಕೆ ನನಗೇನು ಸಂಕೋಚ. ಗ್ಯಾಸಿನ ಬರ್ನರ್ ಹಚ್ಚುವ ಮೊದಲು ಪೆಟ್ರೋಲಿನ ಕ್ಯಾನು ಎಲ್ಲಿದೆಯೆಂದು ನೋಡುತ್ತಾರೆ, ನನ್ನನ್ನು ಕೇಳುತ್ತಾರೆ, ಮತ್ತೆ ಎದ್ದು ಹೋಗಿ ನೋಡಿಬರುತ್ತಾರೆ. ದೋಣಿ ಹತ್ತುವುದಿಲ್ಲ. ಆದರೆ ಕಚ್ಚಿಕೊಂಡ ಬೋಲ್ಟಿನ ಮುಂದೆ ಆ ಭಯವೇ ಇವರ ವಿದ್ಯೆ. ಬೋಲ್ಟು ಮುರಿಯುವ ಮೊದಲು ಕೈಗೆ ಸುದ್ದಿ ಕೊಡುತ್ತದಂತೆ: ಕಲ್ಲಿನ ಹಾಗೆ ಕೂತಿದ್ದದ್ದು ಇದ್ದಕ್ಕಿದ್ದಂತೆ ಮೆತ್ತಗಾಗುತ್ತದಂತೆ. ಬೇರೆಯವರು ಬಿಟ್ಟಿತೆಂದು ಹಿಗ್ಗಿ ತಿರುಗಿಸಿ ಅದರ ತಲೆ ಕಿತ್ತು ಕೈಗೆ ತೆಗೆದುಕೊಳ್ಳುತ್ತಾರೆ. ಇವರು ಹೆದರಿ ಕೈ ಬಿಡುತ್ತಾರೆ. ಎಣ್ಣೆ ಬಿಡುತ್ತಾರೆ, ಕಾಯಿಸುತ್ತಾರೆ, ಸಣ್ಣಗೆ ತಟ್ಟುತ್ತಾರೆ, ಬಿಚ್ಚುವ ಬದಲು ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ, ಆಮೇಲೆ ಅಷ್ಟೇ ಸಡಿಲಿಸುತ್ತಾರೆ. ಅಷ್ಟರಲ್ಲಿ ನಾನು ಅಡುಗೆ ಮುಗಿಸಿ, ಪಾತ್ರೆ ತೊಳೆದು, ಇವರನ್ನು ಒಂದು ಸುತ್ತು ಬೈದೂ ಮುಗಿಸಿರುತ್ತೇನೆ.

ನಾನು ಇವರಿಗೆ ತದ್ವಿರುದ್ಧ. ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮನೇ ಹೇಳುತ್ತಿದ್ದಳು. ದಕ್ಕೆಯಲ್ಲಿ ನಿಜ ಬೇಕಾದವರು ನನ್ನ ಹತ್ತಿರ ಬರುತ್ತಿದ್ದರು, ಬೇಡದವರು ದಾರಿ ಬದಲಿಸುತ್ತಿದ್ದರು. ಹಾಗಿರುವ ನಾನು ಒಂದು ಮಾತನ್ನು ಇಷ್ಟು ಕಾಲ ನುಂಗಿಕೊಂಡಿದ್ದೆ. ಈಗ ಬಲೆಯಕ್ಕ ತೀರಿಕೊಂಡಿದ್ದಾಳೆ, ಅವಳ ಚಿಕ್ಕ ಮಗ ಸಂಸಾರ ಕಟ್ಟಿಕೊಂಡು ದೂರದ ಬಂದರಿಗೆ ಹೋಗಿದ್ದಾನೆ. ಇನ್ನು ಹೇಳಬಹುದು.

ಬಲೆಯಕ್ಕ ಎಂದರೆ ನಮ್ಮ ಓಣಿಯ ಕೊನೆಯ ಮನೆಯವಳು. ಹರಿದ ಬಲೆಗಳನ್ನು ಹೆಣೆದುಕೊಡುತ್ತಿದ್ದಳು. ಗಂಡ ಹೋದ ಮೇಲೆ ಆ ಕೈಯಿಂದಲೇ ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ದೊಡ್ಡವನು, ಚಿಕ್ಕವನು ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಅಪ್ಪ ಬಿಟ್ಟುಹೋದ ಒಂದು ದೋಣಿ, ಒಂದು ಹಳೆಯ ಮೋಟಾರು, ಅದರ ಮೇಲೆ ಇಬ್ಬರು. ದೋಣಿಯಲ್ಲಿ ಯಾರ ಮಾತು ನಡೆಯಬೇಕು ಎಂದು ಅಣ್ಣತಮ್ಮಂದಿರಿಗೆ ಆಗಾಗ ಜಟಾಪಟಿ ನಡೆಯುತ್ತಿತ್ತು. ಅದೇನು ದೊಡ್ಡ ವಿಷಯವಲ್ಲ. ಆದರೆ ದಕ್ಕೆಯ ಮಧ್ಯೆ ನಿಂತು ಕೂಗಾಡಿದ್ದನ್ನು ಜನ ಮರೆಯುವುದಿಲ್ಲ.

ಆ ವರ್ಷ ಮಳೆಗಾಲ ಮುಗಿದು ಸಮುದ್ರ ತಣ್ಣಗಾಗಿ ದೋಣಿಗಳು ಮೊದಲ ಸಲ ಇಳಿಯುವ ಹೊತ್ತಿಗೆ ಅಣ್ಣತಮ್ಮಂದಿರೂ ಹೊರಟರು. ಅಳಿವೆ ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಮೋಟಾರು ಕಿರುಚಿಕೊಂಡು ನಿಂತಿತಂತೆ. ನಿಂತ ದೋಣಿಯನ್ನು ಅಲೆ ಅಡ್ಡಕ್ಕೆ ತಿರುಗಿಸಿ ಮಗುಚಿ ಹಾಕಿತು. ಚಿಕ್ಕವನು ಮಗುಚಿದ ದೋಣಿಯ ಬೆನ್ನು ಹಿಡಿದು ಬದುಕಿ ಬಂದ. ದೊಡ್ಡವನ ಹೆಣ ಬಂತು. ಮೋಟಾರು ನೀರಿನ ತಳ ಸೇರಿತು.

ಮೋಟಾರು ತಾನಾಗಿ ನಿಂತಿತು ಎಂದು ಹೇಳುವುದಕ್ಕೆ ಇದ್ದವನು ಚಿಕ್ಕವನೊಬ್ಬನೇ. ಅವನ ಮಾತನ್ನು ನಂಬಿದವರು ಕಡಿಮೆ. ಇಬ್ಬರೂ ಕೈಕೈ ಮಿಲಾಯಿಸಿದ್ದಾರೆ, ಆ ಗಲಾಟೆಯಲ್ಲಿ ದೋಣಿ ಮಗುಚಿದೆ, ಮೋಟಾರಿನದೆಲ್ಲ ಕಟ್ಟುಕಥೆ ಎಂದು ಚಹಾದಂಗಡಿಯಲ್ಲಿ ಮಾತು ಎದ್ದಿತು. ಮೊದಮೊದಲು ಪಿಸುಪಿಸು, ಆಮೇಲೆ ಅವನ ಮುಖದೆದುರೇ. ಅವನನ್ನು ಯಾರೂ ದೋಣಿಗೆ ಹತ್ತಿಸಿಕೊಳ್ಳಲಿಲ್ಲ. ಬಲೆಯಕ್ಕ ಅವನಿಗೆ ಊಟ ಬಡಿಸುತ್ತಿದ್ದಳು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ತಾಯಿ ಮಗನಿಗೆ ಹೆದರಿಕೊಂಡು, ಮಗ ತಾಯಿಗೆ ಹೆದರಿಕೊಂಡು ಇದ್ದರು.

ಇತ್ತ ನಮ್ಮ ಮನೆಯ ಭಯ ಬೇರೆಯೇ ಇತ್ತು, ಅದು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದಿಡುವ ಮುಂಚೆ ಅದೇ ಮೋಟಾರಿಗೆ ಇವರು ಹೊಸ ಪಂಪು ಹಾಕಿಕೊಟ್ಟಿದ್ದರು. ಮೋಟಾರಿನ ಕಾಲಿನ ಒಳಗೆ ಒಂದು ರಬ್ಬರಿನ ಚಕ್ರ ಇರುತ್ತದೆ. ಅದು ತಿರುಗಿ ಸಮುದ್ರದ ನೀರನ್ನು ಮೇಲಕ್ಕೆ ಎತ್ತಿ ಮೋಟಾರನ್ನು ತಂಪಾಗಿಡುತ್ತದೆ. ಆ ಚಕ್ರವನ್ನು ಕಂಬಿಗೆ ಹಿಡಿದಿಡುವುದು ಅರ್ಧಚಂದ್ರದ ಆಕಾರದ ಒಂದು ಉಕ್ಕಿನ ಚೂರು, ಕೀ ಎನ್ನುತ್ತಾರೆ. ಬೆರಳ ತುದಿಯಷ್ಟಿರುತ್ತದೆ. ಅದನ್ನು ಹಾಕಲು ಮರೆತರೆ ಕಂಬಿ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ನೀರು ಹತ್ತದೆ ಮೋಟಾರು ಬೆಂದು ಕಚ್ಚಿಕೊಳ್ಳುತ್ತದೆ. ರಿಪೇರಿಯಾದ ಮೋಟಾರನ್ನು ಇವರು ಯಾವಾಗಲೂ ನೀರಿನ ಡ್ರಮ್ಮಿನಲ್ಲಿ ಓಡಿಸಿ ನೋಡಿಯೇ ಕೊಡುವುದು. ಆ ಸಲ ದೊಡ್ಡವನು, "ಹೇಗೂ ಮೂಲೇಲಿ ಕೂರೋ ಮೋಟಾರು, ಬಿಡು ಚಿಕ್ಕಪ್ಪ" ಎಂದು ಹೆಗಲ ಮೇಲೆ ಹೊತ್ತುಕೊಂಡು ಹೋಗಿಬಿಟ್ಟ.

ದೊಡ್ಡವನು ಹೋದ ಸುದ್ದಿ ಬಂದು ಸ್ವಲ್ಪ ದಿನಕ್ಕೆ ನಾನು ಅಂಗಡಿ ಗುಡಿಸುತ್ತಿದ್ದೆ. ಬೆಂಚಿನ ಕೆಳಗಿನ ಕಸದಲ್ಲಿ ಅರ್ಧಚಂದ್ರದ ಒಂದು ಚೂರು ಸಿಕ್ಕಿತು. "ಇದು ಯಾವುದರದ್ದು ರೀ?" ಎಂದೆ. ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೆಂಚಿನ ಮೇಲೇ ಕುಸಿದು ಕೂತರು. ನನಗೆ ಮೋಟಾರು ಬಿಚ್ಚಲು ಬರದಿದ್ದರೂ ಇಷ್ಟು ವರ್ಷ ಅದರ ಪಕ್ಕದಲ್ಲೇ ಬಾಳಿದ್ದೇನೆ. ಕೇಳಬೇಕಾಗಲಿಲ್ಲ. ಆ ಅಂಗಡಿಯಲ್ಲಿ ಬಿಚ್ಚಿದ ಮೋಟಾರುಗಳು ಲೆಕ್ಕವಿಲ್ಲದಷ್ಟು, ಯಾವುದರಿಂದ ಬೇಕಾದರೂ ಬಿದ್ದಿರಬಹುದು ಎಂದು ನಾನೇ ಸಮಾಧಾನ ಹೇಳಿದೆ. "ಹಾಕಿದ ನೆನಪಿದೆ. ಆದ್ರೆ ಅದು ಈ ಮೋಟಾರಿನದೋ ಇನ್ನೊಂದರದೋ ಗೊತ್ತಾಗ್ತಿಲ್ಲ" ಎಂದರು. ಅಲ್ಲಿಂದ ಇವರಿಗೆ ಊಟ ರುಚಿಸಲಿಲ್ಲ. ಮುಚ್ಚಿದ ಮೋಟಾರನ್ನು ಮತ್ತೆ ಬಿಚ್ಚಿ ನೋಡುತ್ತಿದ್ದರು. ಬಲೆಯಕ್ಕ ಓಣಿಯಲ್ಲಿ ಎದುರಾದರೆ ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿಬಿಡುತ್ತಿದ್ದರು.

ಹೀಗಿರುವಾಗ ದೊಡ್ಡ ದೋಣಿಯವರ ಬಲೆಗೆ ಆ ಮೋಟಾರು ಸಿಕ್ಕಿಹಾಕಿಕೊಂಡು ಮೇಲೆ ಬಂತು. ಬಲೆಯಕ್ಕ ಕೈಗಾಡಿಯಲ್ಲಿ ಹಾಕಿಸಿಕೊಂಡು ನೆಟ್ಟಗೆ ನಮ್ಮ ಅಂಗಡಿಗೇ ತಂದಳು. ಮೈಯೆಲ್ಲ ಚಿಪ್ಪು, ಕೆಸರು, ಬಿಳೀ ಉಪ್ಪಿನ ಹಕ್ಕಳೆ. ಬಣ್ಣ ಎಲ್ಲಿತ್ತು, ಕಬ್ಬಿಣ ಎಲ್ಲಿದೆ, ಗೊತ್ತಾಗುವಂತಿರಲಿಲ್ಲ.

"ಮೇಸ್ತ್ರಿ, ಇದು ನೀರಿಗೆ ಬೀಳೋ ಮೊದ್ಲೇ ನಿಂತಿತ್ತಾ, ಬಿದ್ದ ಮೇಲೆ ಕೆಟ್ಟಿತಾ? ನೋಡಿದ್ರೆ ಗೊತ್ತಾಗತ್ತಾ?"

ನಾನು ಒಳಗಿಂದ ಕಣ್ಣು ಸನ್ನೆ ಮಾಡಿದೆ, ಗೊತ್ತಾಗಲ್ಲ ಅನ್ನಿ ಎಂದು. ಇವರು ನನ್ನನ್ನು ನೋಡಿಯೂ ನೋಡದವರಂತೆ, "ಗೊತ್ತಾಗತ್ತೆ ಅಕ್ಕ" ಎಂದರು. "ಎರಡೂ ಕಚ್ಚೋದೇ. ಆದ್ರೆ ತುಕ್ಕು ಕಚ್ಚಿದ್ದೇ ಬೇರೆ, ಓಡ್ತಾ ಓಡ್ತಾ ಬೆಂದು ಕಚ್ಚಿದ್ದೇ ಬೇರೆ. ಬೆಂದಿದ್ರೆ ಪಿಸ್ಟನ್ ಮೇಲೆ ಗೀರು ಬಿದ್ದಿರತ್ತೆ. ಮುರೀದೆ ಹೊರಗೆ ತೆಗೀಬೇಕು. ಹೊಡೆದು ತೆಗೆದ್ರೆ ನಮ್ಮ ಗೀರೇ ಅದರ ಮೇಲೆ ಬೀಳತ್ತೆ, ಆಗ ಏನೂ ಹೇಳಕ್ಕಾಗಲ್ಲ."

"ಎಷ್ಟು ದಿನ ಆದ್ರೂ ಆಗ್ಲಿ. ನಾನು ಇಲ್ಲೇ ಕೂರ್ತೀನಿ" ಎಂದು ಬಲೆಯಕ್ಕ ಬಾಗಿಲ ಪಕ್ಕದ ಖಾಲಿ ಪೆಟ್ಟಿಗೆ ಮಗುಚಿಕೊಂಡು ಕೂತೇಬಿಟ್ಟಳು. ಮಡಿಲಲ್ಲಿ ಹೆಣೆಯುವ ಬಲೆ.

ಆಕೆ ಊಟಕ್ಕೆ ಹೋದಾಗ ನಾನು ಇವರ ಮೇಲೆ ಹರಿಹಾಯ್ದೆ. "ನಿಮಗೇನು ತಲೆ ಕೆಟ್ಟಿದೆಯಾ? ಅದರೊಳಗೆ ಏನಿದೆಯೋ, ಏನಿಲ್ಲವೋ! ವಾಪಸ್ ಕಳಿಸಿ."

"ಇನ್ನೊಬ್ಬರ ಹತ್ರ ಹೋದ್ರೆ ಸುತ್ತಿಗೆ ತಗೊಂಡು ಒಡೀತಾರೆ. ಆ ಹುಡುಗನ ಗತಿ?"

"ನಮ್ಮ ಗತಿ?"

ಇವರು ಎದ್ದು ಸ್ಪ್ಯಾನರು ಹುಡುಕತೊಡಗಿದರು. ಹೆದರಿದ ಮನುಷ್ಯ ಹಟಕ್ಕೆ ಬಿದ್ದರೆ ಅವನನ್ನು ತಡೆಯುವುದು ನನ್ನ ಕೈಯಲ್ಲೂ ಆಗುವುದಿಲ್ಲ.

ಆಗ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಪಿಸ್ಟನ್ ತುಕ್ಕಿನಿಂದ ಕಚ್ಚಿದ್ದರೆ ಮೋಟಾರು ಓಡುವಾಗ ಚೆನ್ನಾಗೇ ಇತ್ತು ಎಂದಾಗುತ್ತದೆ. ನಮ್ಮ ಮನೆಯವರು ಬಚಾವು, ಚಿಕ್ಕವನು ಸುಳ್ಳುಗಾರ. ಬೆಂದು ಕಚ್ಚಿದ್ದರೆ ಚಿಕ್ಕವನು ಬಚಾವು. ಆದರೆ ಬೆಂದದ್ದು ಯಾಕೆ ಎಂಬ ಪ್ರಶ್ನೆ ಏಳುತ್ತದೆ, ಅದು ಬಂದು ನಿಲ್ಲುವುದು ನಮ್ಮ ಹೊಸ್ತಿಲಲ್ಲೇ. ತುಕ್ಕೇ ಆಗಿರಲಿ ಎಂದು ನಾನು ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ. ಇನ್ನೊಬ್ಬಳ ಮಗ ಕೊಲೆಗಾರನಾಗಲಿ ಎಂದು ಬೇಡುತ್ತಿದ್ದೇನೆ ಎಂದು ಗೊತ್ತಿದ್ದೇ ಬೇಡಿದೆ.

ಕೆಲಸ ಇರುವೆ ನಡೆದಂತೆ ನಡೆಯಿತು. ಮೊದಲು ಚಿಪ್ಪುಗಳನ್ನು ಮರದ ಚಕ್ಕೆಯಲ್ಲಿ ಕೆರೆದರು. ಡೀಸೆಲಿಗೆ ಎಣ್ಣೆ ಬೆರೆಸಿ ಒಂದೊಂದು ಬೋಲ್ಟಿನ ಬುಡಕ್ಕೂ ಹನಿ ಹನಿ ಬಿಟ್ಟರು. ಮಾರನೆಯ ದಿನ ಬರ್ನರ್ ಹಚ್ಚಿದರು. ಬೋಲ್ಟನ್ನು ಅಲ್ಲ, ಅದರ ಸುತ್ತಲಿನ ಲೋಹವನ್ನು ಕಾಯಿಸಬೇಕು. ಅದು ಹಿಗ್ಗಿದರೆ ಬೋಲ್ಟು ಉಸಿರಾಡುತ್ತದೆ. ಒಳಗೆ ಕೆಸರುನೀರು ಉಳಿದಿತ್ತೆಂದು ಕಾಣುತ್ತದೆ, ಎಲ್ಲಿಂದಲೋ ಆವಿ ಚುಸ್ಸೆಂದು ಹಾರಿ ಇವರು ಮೂಲೆಗೆ ಹೋಗಿ ಬಿದ್ದರು. ಬಲೆಯಕ್ಕ ಕೂಗಿಕೊಂಡಳು. ಪುಣ್ಯಕ್ಕೆ ಸುಟ್ಟದ್ದು ತೋಳಿನ ಕೂದಲು ಮಾತ್ರ. ಬೇರೆ ದಿನವಾಗಿದ್ದರೆ ಇವರು ವಾರ ಬರ್ನರ್ ಮುಟ್ಟುತ್ತಿರಲಿಲ್ಲ. ಅವತ್ತು ಎದ್ದು, ನೀರು ಬಸಿದು, ಮತ್ತೆ ಹಚ್ಚಿದರು.

ಮೇಲಿನ ಬೋಲ್ಟುಗಳು ಕಾರ್ಖಾನೆಯಿಂದ ಬಂದ ಮೇಲೆ ಯಾರೂ ಬಿಚ್ಚದವು. ಒಂದೊಂದಕ್ಕೂ ಇವರು ಕಿವಿಗೊಟ್ಟು, ಕಣ್ಣು ಮುಚ್ಚಿ, ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸುತ್ತಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಿರ್ರೆಂದು ಒಂದು ಬೋಲ್ಟು ಬಿಟ್ಟಿತೆಂದರೆ ಬಲೆಯಕ್ಕ ಉಸಿರು ಬಿಡುತ್ತಿದ್ದಳು, ನಾನು ಬಿಗಿ ಹಿಡಿಯುತ್ತಿದ್ದೆ. ಬಿಡಬೇಡವೋ ಎಂದು ಒಂದು ಕಬ್ಬಿಣದ ತುಂಡನ್ನು ಬೇಡಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬೇಲಿಯ ಆಚೆ ಚಿಕ್ಕವನು ಬಂದು ನಿಂತ. ಗಡ್ಡ ಬೆಳೆದಿತ್ತು. ಅಂಗಿ ಮೈಮೇಲೆ ಜೋತುಬಿದ್ದಿತ್ತು.

"ಚಿಕ್ಕಮ್ಮ, ಬಿಡ್ತಾ ಇದೆಯಾ?"

"ಬಿಡ್ತಾ ಇದೆ."

"ಒಳಗೆಲ್ಲ ತುಕ್ಕೇ ತಿಂದಿದ್ರೆ? ಗೀರು ಕಾಣದೇ ಹೋದ್ರೆ?" ಎಂದ. ಮತ್ತೆ ತಾನೇ, "ನಾನು ಅಣ್ಣನ ಕೈ ಹಿಡ್ಕೊಂಡಿದ್ದೆ ಚಿಕ್ಕಮ್ಮ. ಎರಡು ಸಲ ಹಿಡ್ಕೊಂಡೆ. ಮೂರನೇ ಅಲೆಗೆ ಜಾರಿಹೋಯ್ತು. ಅಮ್ಮ ಕೇಳೋದೇ ಇಲ್ಲ, ಕೇಳಿದ್ರೆ ಹೇಳ್ತಿದ್ದೆ" ಎಂದ.

ನನ್ನ ಬಾಯಿಗೆ ಬೀಗವಿಲ್ಲ ಎಂದೆನಲ್ಲ, ಅವತ್ತು ಒಂದು ಮಾತೂ ಹೊರಡಲಿಲ್ಲ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಅವನು ಹೋದ ಮೇಲೆ ದೇವರಿಗೆ ಏನು ಕೇಳಬೇಕೆಂದು ತಿಳಿಯದೆ ಕೇಳುವುದನ್ನೇ ಬಿಟ್ಟೆ. ಭಯ ಮಾತ್ರ ಬಿಡಲಿಲ್ಲ.

ಮೇಲಿನ ಮುಚ್ಚಳ ಎದ್ದ ದಿನ ಸಿಲಿಂಡರಿನ ತುಂಬ ಕಂದು ಕೆಸರು ಕಂಡಿತು. ತೊಳೆದು, ಎಣ್ಣೆ ತುಂಬಿಸಿ ಬಿಟ್ಟರು. ದಿನಾ ಅಷ್ಟಷ್ಟು ಇಂಗುತ್ತಿತ್ತು, ಮತ್ತೆ ತುಂಬಿಸುತ್ತಿದ್ದರು. ಆಮೇಲೆ ಮೆತ್ತನೆಯ ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದರು. ಒಂದು ಪಿಸ್ಟನ್ ಬೇಗ ಅಲುಗಿತು. ಇನ್ನೊಂದು ಅಲುಗಲೇ ಇಲ್ಲ. "ಇದನ್ನ ಹಿಡಿದಿರೋದು ತುಕ್ಕಲ್ಲ" ಎಂದು ಇವರು ತಮ್ಮಷ್ಟಕ್ಕೇ ಅಂದರು. ನನಗೆ ಕೇಳಿಸಿತು.

ಕೊನೆಗೆ ಅದೂ ಹೊರಗೆ ಬಂತು. ಒರೆಸಿ ಬೆಳಕಿಗೆ ಹಿಡಿದರು. ಒಂದು ಬದಿಯುದ್ದಕ್ಕೂ ಆಳವಾದ ಗೀರುಗಳು. ಅಂಚು ಕರಗಿ ಮೆತ್ತಿಕೊಂಡಿತ್ತು.

"ನೋಡು ಅಕ್ಕ, ಇದು ನೀರು ಮಾಡಿದ್ದಲ್ಲ, ಬಿಸಿ ಮಾಡಿದ್ದು. ಓಡ್ತಾ ಇರೋವಾಗ್ಲೇ ಕಚ್ಕೊಂಡು ನಿಂತಿದೆ. ಚಿಕ್ಕವನು ಹೇಳಿದ್ದು ನಿಜ."

ಬಲೆಯಕ್ಕ ಗೀರುಗಳ ಮೇಲೆ ಬೆರಳಾಡಿಸಿದಳು. ಮತ್ತೆ ಮತ್ತೆ ಆಡಿಸಿದಳು. ಆಮೇಲೆ ಎದ್ದು ಹೊರಟವಳು ಓಣಿಯಲ್ಲಿ ಓಡತೊಡಗಿದಳು. ಆ ವಯಸ್ಸಿನವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರ ಮನೆಯ ಕಡೆಯಿಂದ ಅಳು ಕೇಳಿಸಿತು, ಮೊದಲು ಒಂದು ದನಿ, ಆಮೇಲೆ ಎರಡು.

ನಾನು ಅಂಗಡಿಯ ಬಾಗಿಲು ಎಳೆದುಕೊಂಡೆ. "ಮುಗೀತಲ್ಲ? ಅವಳಿಗೆ ಬೇಕಾದ್ದು ಸಿಕ್ತು. ಪಂಪಿನ ಮಾತು ಯಾರೂ ಎತ್ತಿಲ್ಲ. ಇದನ್ನ ಇಲ್ಲಿಗೇ ಗುಜರಿಗೆ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಯಾಕೆ ಬೆಂತು ಅಂತ ಅವಳು ನಾಳೆ ಕೇಳಲ್ವಾ?"

"ಕೇಳಿದಾಗ ನೋಡೋಣ."

"ಅವಳು ಕೇಳದೇ ಇದ್ರೂ ನಾನು ಕೇಳ್ತಾನೇ ಇರ್ತೀನಿ" ಎಂದರು. ಪುಕ್ಕಲು ಗಂಡ ಹೀಗೆ ಮಾತಾಡಿದರೆ ಹೆಂಡತಿಗೆ ಆಗುವ ಸಿಟ್ಟು ಎಂಥದೆಂದು ಅನುಭವಿಸಿದವರಿಗೇ ಗೊತ್ತು.

ಮೋಟಾರಿನ ಕಾಲನ್ನು ಬಿಚ್ಚಲು ಕೂತರು. ಅಲ್ಲಿನ ಬೋಲ್ಟುಗಳು ಇವರೇ ಗ್ರೀಸು ಹಚ್ಚಿ ಹಾಕಿದವು. ಕಾಯಿಸುವುದು ಬೇಕಾಗಲಿಲ್ಲ, ತಟ್ಟುವುದು ಬೇಕಾಗಲಿಲ್ಲ. ಅಷ್ಟು ಕಾಲ ನೀರಿನ ತಳದಲ್ಲಿ ಬಿದ್ದಿದ್ದರೂ ಒಂದಾದ ಮೇಲೊಂದು ಸಲೀಸಾಗಿ ಬಂದವು, ಸುತ್ತುಗಳ ನಡುವೆ ಗ್ರೀಸು ಇನ್ನೂ ಇತ್ತು. ಕೊನೆಯದಾಗಿ ಮುಟ್ಟಿದ್ದು ಇವರ ಕೈಯೇ, ಬೇರೆ ಯಾರೂ ಅಲ್ಲ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಯಾರಾದರೂ ಇವರ ನಂತರ ಬಿಚ್ಚಿರಬಹುದು ಎಂಬ ಒಂದು ಆಸೆ ನನಗಿತ್ತು. ಅದೂ ಹೋಯಿತು.

ಪಂಪಿನ ಮುಚ್ಚಳದ ಹತ್ತಿರ ಇವರ ಕೈ ನಿಂತಿತು. "ನೀನು ತೆಗಿ" ಎಂದರು. ನಾನು ತೆಗೆದೆ. ರಬ್ಬರಿನ ಚಕ್ರ ಕಂಬಿಗೆ ಅಂಟಿಕೊಂಡಿತ್ತು. ಇವರು ಅದನ್ನು ಎರಡು ಬೆರಳಲ್ಲಿ ಮೇಲಕ್ಕೆ ಜಾರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಇದೆ" ಎಂದರು.

ಅರ್ಧಚಂದ್ರದ ಚೂರು ತನ್ನ ಗುಳಿಯಲ್ಲಿ ನೆಟ್ಟಗೆ ಕೂತಿತ್ತು. ನನಗೆ ನಗು ಬಂತು, ಅಳು ಬಂತು, ಇವರ ತಲೆಗೊಂದು ಮೊಟಕಿದೆ. ಇಷ್ಟು ದಿನ ನನ್ನ ರಕ್ತ ಕುಡಿದರಲ್ಲ! ಆದರೆ ಇವರು ನಗಲಿಲ್ಲ. ಬಾಗಿ, ಚಕ್ರದ ರೆಕ್ಕೆಗಳ ಸಂದಿಯಿಂದ ಚಿಮಟದಲ್ಲಿ ಏನನ್ನೋ ಎಳೆಯುತ್ತಿದ್ದರು. ಕಪ್ಪಗೆ ಕೊಳೆತ ಬಟ್ಟೆಯ ಉಂಡೆ. ಅದಕ್ಕೆ ಸುತ್ತಿದ್ದ ಹಸಿರು ನೈಲಾನ್ ದಾರ ಮಾತ್ರ ಹೊಸದರಂತೆ ಇತ್ತು. ದಾರದ ತುದಿಯಲ್ಲಿ ಎರಡು ಸುತ್ತಿನ ಗಂಟು, ಅದರ ಮೇಲೆ ಮತ್ತೊಂದು ಪುಟ್ಟ ಗಂಟು.

ನಮ್ಮ ದಕ್ಕೆಯಲ್ಲಿ ಮೋಟಾರನ್ನು ತಿಂಗಳುಗಟ್ಟಲೆ ಮೂಲೆಯಲ್ಲಿಡುವಾಗ ಅದರ ಕಾಲಿನ ಎರಡೂ ಬದಿಯ ನೀರಿನ ತೂತುಗಳಿಗೆ ದಾರ ಸುತ್ತಿದ ಬಟ್ಟೆ ತುರುಕುತ್ತಾರೆ, ಕಣಜ ಗೂಡು ಕಟ್ಟಬಾರದೆಂದು. ಅದು ಮನೆಯ ಹೆಂಗಸರ ಕೆಲಸ. ತುರುಕಿದವರೇ ದೋಣಿ ಇಳಿಯುವ ದಿನ ಬಂದು ಎರಡನ್ನೂ ಕಿತ್ತು ಕೈಯಲ್ಲಿ ಹಿಡಿದು ತೋರಿಸಬೇಕು. ಆಮೇಲೇ ಮೋಟಾರು ನೀರಿಗೆ. ಯಾರು ಮಾಡಿದ ಪದ್ಧತಿಯೋ, ನಾನು ಹುಟ್ಟುವ ಮೊದಲಿನಿಂದ ಇದೆ. ಆ ವರ್ಷ ಬಲೆಯಕ್ಕ ದಕ್ಕೆಗೆ ಬಂದಿರಲಿಲ್ಲ. ಅಲೆ ಇನ್ನೂ ಜೋರಿದೆ, ನಾಲ್ಕು ದಿನ ತಡೆಯಿರಿ ಎಂದು ಹೇಳಿ, ದೊಡ್ಡವನು ಕೇಳದಿದ್ದಕ್ಕೆ ಮುನಿಸಿಕೊಂಡು ಮನೆಯಲ್ಲೇ ಕೂತಿದ್ದಳು. ಅದು ಓಣಿಗೆಲ್ಲ ಗೊತ್ತು. ದೊಡ್ಡವನು ಅವಸರದಲ್ಲಿ ಕಣ್ಣಿಗೆ ಕಂಡ ಬದಿಯದನ್ನು ಕಿತ್ತಿದ್ದಾನೆ. ಗೋಡೆಯ ಬದಿಯದು ಒಳಗೇ ಉಳಿದಿದೆ. ಆ ಹಳೇ ಮೋಟಾರಿನ ತೂತಿಗೆ ಜಾಲರಿ ಇರಲಿಲ್ಲ. ಓಡುವಾಗ ಪಂಪು ಬಟ್ಟೆಯನ್ನು ಒಳಕ್ಕೆ ಎಳೆದುಕೊಂಡಿದೆ.

ಆ ಗಂಟು ಯಾರದೆಂದು ನಾವು ಒಬ್ಬರನ್ನೊಬ್ಬರು ಕೇಳಲಿಲ್ಲ. ದಕ್ಕೆಯ ಅರ್ಧ ಬಲೆಗಳನ್ನು ಹೆಣೆದ ಕೈ ಹಾಕಿದ್ದು ಅದೇ ಗಂಟು.

"ಇದಕ್ಕಿಂತ ಕೀ ಇಲ್ದೇ ಇದ್ದಿದ್ರೆ ವಾಸಿಯಿತ್ತು" ಎಂದರು ಇವರು. ನಾನು ದಾರವನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡೆ.

ಮರುದಿನ ಬೆಳಿಗ್ಗೆಯೇ ಬಲೆಯಕ್ಕ ಬಂದಳು. ಕಣ್ಣು ಊದಿತ್ತು, ಆದರೆ ಮುಖ ತಿಳಿಯಾಗಿತ್ತು. ಹಿಂದೆ ಚಿಕ್ಕವನು, ಗಡ್ಡ ತೆಗೆದುಕೊಂಡು ಬಂದಿದ್ದ. ನಾನು ಒಳಬಾಗಿಲಲ್ಲಿ ನಿಂತಿದ್ದೆ, ದಾರ ನನ್ನ ಮುಷ್ಟಿಯಲ್ಲಿತ್ತು.

"ಯಾಕೆ ಬೆಂತು ಮೇಸ್ತ್ರಿ?"

"ನೀರು ಮೇಲೆ ಹತ್ತಿಲ್ಲ ಅಕ್ಕ. ಪಂಪು ನಿಂತುಹೋಗಿದೆ."

"ಪಂಪು ಹಾಕಿಕೊಟ್ಟಿದ್ದು?"

"ನಾನೇ."

"ಓಡಿಸಿ ನೋಡಿ ಕೊಟ್ಟಿದ್ರಾ?"

"ಇಲ್ಲ."

ಇವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಮುಷ್ಟಿ ಬಿಚ್ಚಿ ಮುಂದೆ ಹೋಗಿಬಿಡಲೇ ಎಂದು ಒಂದು ಹೆಜ್ಜೆ ಇಟ್ಟೆ. ಇವರು ತಿರುಗಿ ನೋಡಿದರು. ಆ ಮುಖದಲ್ಲಿ ಅಷ್ಟು ಭಯ ನಾನು ಯಾವತ್ತೂ ನೋಡಿಲ್ಲ. ಆವಿ ಹಾರಿದಾಗಲೂ ಇಲ್ಲ. ನಾನು ಒಳಗೆ ಹೋಗಿ ದಾರವನ್ನು ಒಲೆಗೆ ಹಾಕಿದೆ.

ಮಾತು ಸಂಜೆಯೊಳಗೆ ದಕ್ಕೆಯೆಲ್ಲ ಹರಡಿತು. ಚಿಕ್ಕವನನ್ನು ಅದೇ ವಾರ ಒಂದು ದೋಣಿಯವರು ಕರೆದರು. ನಮ್ಮ ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರೂ ಪಕ್ಕದಲ್ಲೇ ನಿಂತು, ಹಾಕಿದಿರಾ, ಸರಿಯಾಗಿ ಹಾಕಿದಿರಾ ಎಂದು ಕೇಳುವರು. ಬೆಣ್ಣೆ ಹಚ್ಚಿದ ಕೈಯೇ ಜಾರಿತು ಎಂದು ಒಬ್ಬ ನಗೆಯಾಡಿದ. ಇನ್ನೊಂದು ಕಾಲದಲ್ಲಾದರೆ ಅವನ ಏಳು ತಲೆಮಾರಿನ ಜನ್ಮ ಜಾಲಾಡಿಬಿಡುತ್ತಿದ್ದೆ. ಈಗ ನನಗೆ ನನ್ನ ಬಾಯಿಯದೇ ಭಯ. ಸಿಟ್ಟು ಬಂದರೆ ನಿಜ ಹೊರಬೀಳುತ್ತದೆ ಎಂದು ಸಿಟ್ಟು ಬರುವ ಜಾಗಗಳಿಗೆ ಹೋಗುವುದನ್ನೇ ಬಿಟ್ಟೆ. ನಲ್ಲಿಗೆ ಹೊತ್ತಲ್ಲದ ಹೊತ್ತಿಗೆ ಹೋಗುತ್ತಿದ್ದೆ.

ಒಂದು ದಿನ ಅಲ್ಲಿಗೇ ಬಲೆಯಕ್ಕ ಬಂದಳು. ಬಂದವಳು ನೀರು ಹಿಡಿಯಲಿಲ್ಲ. ಕೊಡ ಕೆಳಗಿಟ್ಟು ನನ್ನ ಎರಡೂ ತೋಳು ಹಿಡಿದಳು.

"ನಿನ್ನ ಬಾಯಲ್ಲಿ ಸುಳ್ಳು ಬರಲ್ಲ. ಅದಕ್ಕೇ ನಿನ್ನನ್ನೇ ಕೇಳ್ತೀನಿ" ಎಂದಳು. "ನಿನ್ನೆ ಚಿಕ್ಕವನು ಏನೋ ಹೇಳ್ತಾ ಹೇಳ್ತಾ, ಅವತ್ತು ಅಣ್ಣ ಬಟ್ಟೆ ಕಿತ್ತು ಎಸೆದ ಅಂದ. ಒಂದಾ ಎರಡಾ ಅಂದೆ. ನೆನಪಿಲ್ಲ ಅಂತಾನೆ. ನಾನು ಅವತ್ತು ಹೋಗಿರ್ಲಿಲ್ಲ ಕಣೇ. ಮುನಿಸ್ಕೊಂಡು ಕೂತಿದ್ದೆ. ನಿನ್ನೆಯಿಂದ ಅನ್ನ ಇಳೀತಿಲ್ಲ. ಮೇಸ್ತ್ರಿ ಪಂಪು ನಿಂತಿತ್ತು ಅಂದ್ರು, ಯಾಕೆ ನಿಂತಿತ್ತು ಅಂತ ನಾನು ಕೇಳ್ಲಿಲ್ಲ. ಹೇಳು. ತಪ್ಪು ನಿನ್ನ ಗಂಡಂದೇ ಅಲ್ವಾ?"

ಸುತ್ತ ನಾಲ್ಕಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ನಲ್ಲಿಯ ನೀರು ತುಂಬಿದ ಕೊಡದ ಮೇಲೆ ಹರಿದು ಹೋಗುತ್ತಿತ್ತು. ಯಾವ ಮಾತನ್ನು ಕೇಳಬಾರದೆಂದು ಹಿಂದೆ ದೇವರಿಗೆ ಕೈ ಮುಗಿದಿದ್ದೆನೋ ಅದನ್ನು ನಾನೇ ಆಡಬೇಕಾಗಿತ್ತು. ಕಣ್ಣು ತಪ್ಪಿಸಿದರೆ ಆಕೆಗೆ ತಿಳಿದುಬಿಡುತ್ತದೆ ಎಂದು ಕಣ್ಣಿಗೆ ಕಣ್ಣಿಟ್ಟು ನೋಡಿದೆ.

"ಹೌದಕ್ಕ. ನಮ್ಮೋರದ್ದೇ ತಪ್ಪು. ಒಳಗೆ ಕೀ ಹಾಕಿರ್ಲಿಲ್ಲ, ಮರೆತಿದ್ರು. ಬಟ್ಟೆಗಿಟ್ಟೆ ಏನೂ ಇರ್ಲಿಲ್ಲ. ನಾನೇ ಕಣ್ಣಾರೆ ನೋಡಿದೆ."

ಬಲೆಯಕ್ಕ ನನ್ನ ತೋಳು ಬಿಟ್ಟಳು. ಎದೆಯೊಳಗಿಂದ ಒಂದು ಉಸಿರು ಹೊರಬಂತು. ಆಮೇಲೆ, ಜನ್ಮದಲ್ಲಿ ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದ ಹೆಂಗಸು, ಅಷ್ಟು ಜನರ ಮಧ್ಯೆ ಬೈಯಲು ಶುರುಮಾಡಿದಳು. ನಿನ್ನ ಗಂಡನ ಕೈ ಸೇದಿಹೋಗಲಿ ಎಂದಳು, ನಿಮ್ಮ ಮನೆ ಹಾಳಾಗಲಿ ಎಂದಳು, ಮಣ್ಣು ತೆಗೆದು ನನ್ನ ಮೇಲೆ ಎರಚಿದಳು. ಯಾರೋ ಆಕೆಯನ್ನು ಹಿಡಿಯಲು ಬಂದರು, ನಾನು ಬೇಡವೆಂದು ಕೈ ಅಡ್ಡ ಮಾಡಿದೆ. ಬೈಯುತ್ತಿರುವಷ್ಟು ಹೊತ್ತು ಆಕೆ ನನ್ನನ್ನು ನಂಬಿದ್ದಾಳೆ ಎಂದರ್ಥ. ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯಕ್ಕೆ ನಾನು ತಲೆ ತಗ್ಗಿಸಿಕೊಂಡು ನಿಂತೇ ಇದ್ದೆ.